ಸೇರು, ಪಾವು, ಹಿಡಿ

ಭಟ್ಟಿಯ ಬಾಗಿಲಿಗೆ ಬೆಳಗಿನ ಐದಕ್ಕೆ ಹೋದರೆ
ದಾದಾಪೀರ್ ಆಗಲೇ ಹೊರಗೆ ನಿಂತಿರುತ್ತಾನೆ,
ಮಫ್ಲರಿಗೆ, ಹುಬ್ಬಿಗೆ, ಕಿವಿಯ ಕೂದಲಿಗೂ ಹೊಟ್ಟಿನ ಬೂದಿ.
ರಾತ್ರಿಯಿಡೀ ಕಾದ ಮರಳಲ್ಲಿ ಅಕ್ಕಿ ಅರಳಿಸಿದವನು
ನಡುಗುತ್ತ ನನ್ನ ಸ್ಕೂಟಿ ಹತ್ತುತ್ತಾನೆ.
'ಬೆಂಕಿ ಮುಂದಿಂದ ಎದ್ದವಗ ಚಳಿ ಜಾಸ್ತಿ ಮೇಡಂ,
ಸಾವಕಾಶ ಹೊಡೀರಿ.'

ಕೊಂಡಜ್ಜಿ ಕೆರೆಯ ತನಕ
ಕೊಯ್ದ ಮೆಕ್ಕೆಜೋಳದ ಕೂಳೆ, ಕೂಳೆಯ ಮೇಲೆ ಇಬ್ಬನಿ,
ತಂತಿಯಲ್ಲೊಂದು ನೀಲಕಂಠ. ಇನ್ನೂ ಬಣ್ಣ ಬಂದಿಲ್ಲ ಅದಕ್ಕೆ,
ಕತ್ತಲಲ್ಲಿ ಒಂದು ಮುದ್ದೆ ಅಷ್ಟೇ.

ನಾನು ಬ್ಯಾಂಕಿನ ಕ್ಯಾಶಿಯರ್.
ಹದಿನೇಳು ವರ್ಷದಿಂದ ಹೆಬ್ಬೆರಳು ಒದ್ದೆ ಸ್ಪಂಜಿನಲ್ಲಿ.
ಪುಷ್ಯದ ಈ ಒಂದು ಭಾನುವಾರ ಮಾತ್ರ
ಇಲಾಖೆ ಕೊಟ್ಟ ಹಾಳೆ ತೊಡೆಯ ಮೇಲಿಟ್ಟು
ನೋಟಿಗೆ ಬದಲು ಬಾತು ಎಣಿಸುತ್ತೇನೆ:
ಹತ್ತರ ಗುಂಪು, ಹತ್ತು ಗುಂಪಿಗೊಂದು ಕಟ್ಟು,
ಕಟ್ಟಿಗೊಂದು ಗೆರೆ.

ಮಂಜು ಏಳುವವರೆಗೆ ಕೆರೆಯೆಂದರೆ ಬರೀ ಸದ್ದು.
ಆಗ ದೊಡ್ಡವನು ಅವನೇ.
ಹೊಗೆ ತಿಂದ ಕಣ್ಣಿಗೆ ಕೈಯಳತೆಯಾಚೆ ಎಲ್ಲ ಹಾಲು,
ಕಿವಿ ಮಾತ್ರ ಜರಡಿ.
'ಸಣ್ಣ ಹುಡುಗ ಸೀಟಿ ಊದಿ ಅರ್ಧಕ್ಕ ಬಿಟ್ಟಂಗ ಕೇಳ್ತಲ್ಲ, ಅದೊಂದು.
ಸೌಟು ಮೂತೇವು ಕೆಸರು ಸೋಸಾಕ ಹತ್ಯಾವ.
ಆ ಕಡಿ ದಂಡ್ಯಾಗ ಹಳೇ ಲಾರಿ ಹಾರ್ನು,
ಅದು ನಿಮ್ಮ ಹೆಬ್ಬಾತು.'

ಪುಸ್ತಕ ಬಿಡಿಸಿ ನಾನು ಹೇಳುತ್ತೇನೆ:
ತಲೆಯ ಮೇಲೆ ಎರಡು ಕಪ್ಪು ಪಟ್ಟೆ,
ಹಿಮಾಲಯದ ಆಚೆಯಿಂದ ಬಂದದ್ದು.
'ಹೌದಾ' ಎನ್ನುತ್ತಾನೆ, ಜೇಬಲ್ಲಿ ಬೀಡಿ ಹುಡುಕುತ್ತ,
'ಇಲ್ಲಿ ಭತ್ತದ ಗದ್ದಿ ಕೊಯ್ದಿದ್ದು ಅದಕ್ಯಾರು ಹೇಳಿದ್ರು?'

ಮಂಜು ಹರಿಯಿತು. ಒಂದು, ಎರಡು, ಮೂರನೆಯ ಕಟ್ಟು.
ಸೂಜಿಬಾಲದವು ತಲೆ ನೀರಿಗೆ ಕೊಟ್ಟು ಬಾಲವೆತ್ತಿದವು.
ಬಾಲ ಎಣಿಸಲೋ, ತಲೆ ಬರುವವರೆಗೆ ಕಾಯಲೋ
ಎನ್ನುವಷ್ಟರಲ್ಲಿ
ಜೊಂಡಿನ ಮೇಲೆ, ಬಹಳ ಕೆಳಗೆ,
ವಸೂಲಿಗೆ ಬಂದವನಂತೆ ಒಂದೊಂದೇ ಮನೆ ನೋಡುತ್ತ
ಒಂದು ಜೌಗು ಸೆಳೆವ ಬಂತು.

ಕೆರೆಯೆಲ್ಲ ಎದ್ದಿತು.
ಗೆರೆ, ಕಟ್ಟು, ಹತ್ತು, ನನ್ನ ಹದಿನೇಳು ವರ್ಷ
ಎಲ್ಲ ಕಲೆಸಿ ತಲೆಯ ಮೇಲೆ ಒಂದು ಸುತ್ತು, ಇನ್ನೊಂದು.
ದಾದಾಪೀರ್ ಮುಖ ಮೇಲೆತ್ತಿ, ಕಣ್ಣು ಮುಚ್ಚಿ ಕೂತಿದ್ದ:
'ಮರಳಿಗಿ ಅಕ್ಕಿ ಬಿತ್ತು ನೋಡ್ರಿ.'
ಆಮೇಲೆ, ನಾನು ಕೇಳದೆಯೇ:
'ಪಾವಿಗೆ ಒಂದು ಹಿಡಿ ಕಮ್ಮಿ.
ಹೋದ ಸಲ ತುಂಬಿದ ಸೇರು ಇತ್ತು.'

ನಕ್ಕೆ. ಅವನು ನಗಲಿಲ್ಲ.

ಆ ರಾತ್ರಿ ಊಟದ ಮೇಜಿಗೆ ಪೇಪರ್ ಹಾಸಿ
ಒಂದು ಪಾವು ಮಂಡಕ್ಕಿ ಸುರಿದೆ,
ಒಂದು ಹಿಡಿ ತೆಗೆದೆ. ಆದರೆ ಯಾರ ಹಿಡಿ?
ಅವನ ಕೈ ದೊಡ್ಡದು,
ಸುಟ್ಟ ಎರಡು ಬೆರಳು ಪೂರ್ತಿ ಮಡಚುವುದಿಲ್ಲ.
ಇನ್ನೊಂದಿಷ್ಟು ತೆಗೆದೆ. ಎಣಿಸಿದೆ.
ಮಗಳು ಸೀನಿದಾಗ ನಲವತ್ತು ಹಾರಿದವು,
ಮತ್ತೆ ಮೊದಲಿಂದ.
ಒಂಬೈನೂರ ಎಂಬತ್ತಾರು.

ಹಾಳೆಯ ಚೌಕದಲ್ಲಿ ಅದನ್ನೇ ಬರೆದೆ. ಷರಾ ಎಂಬಲ್ಲಿ
'ಸದ್ದಿನಿಂದ' ಎಂದಷ್ಟೇ.
ಎಣಿಸಿದವರ ಹೆಸರು ಎಂಬಲ್ಲಿ ಪೆನ್ನು ನಿಂತಿತು.
ಬೆಳಿಗ್ಗೆ ಸ್ಕೂಟಿ ಇಳಿಯುವಾಗ ಹೇಳಿದ್ದ,
'ನನ್ನ ಹೆಸರು ಬ್ಯಾಡ್ರಿ.
ನಾ ಬರೋದು ಕಣ್ಣು ತಣ್ಣಗ ಮಾಡ್ಕಳ್ಳಾಕ.'
ಬರೆದೆ, ನನ್ನ ಹೆಸರಿಗಿಂತ ಮೇಲೆ.

ಒಂಬೈನೂರ ಎಂಬತ್ತಾರನ್ನೂ ಆಮೇಲೆ
ಈರುಳ್ಳಿ ಹೆಚ್ಚಿ ಹಾಕಿ, ಮೆಣಸಿನಕಾಯಿ ಬಜ್ಜಿ ಕಚ್ಚಿಕೊಂಡು
ನಾನೂ ಮಗಳೂ ತಿಂದೆವು.
ಪೇಪರಿನ ಮಡಿಕೆಯಲ್ಲಿ ಎಷ್ಟು ಉಳಿದವೋ, ನೋಡಲಿಲ್ಲ.

ದೀಪ ಆರಿಸಿ ಮಲಗಿದ ಮೇಲೆ,
ದಿನಕ್ಕೆ ಕೋಟಿ ಎಣಿಸುವ ನನಗೆ ಆಗ ಹೊಳೆಯಿತು:
ಸೇರಿಗೆ ನಾಲ್ಕು ಪಾವು.